ಪ್ರಾರ್ಥನೆಗೆ ಮಾತ್ರ

ಆ ಕ್ರೈಸ್ತ ಸಭೆಯ ಪಾಲಕರನ್ನು ಎಲ್ಲರೂ ಎದುರಿಗೆ ‘ಅಯ್ಯನವರು’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಬಾವಿ’ ಎನ್ನುತ್ತಿದ್ದರು. ಬೈಗುಳವಲ್ಲ, ಬಿರುದು. ಅವರ ಕಿವಿಗೆ ಬಿದ್ದ ಮಾತು ಬಾವಿಗೆ ಬಿದ್ದ ಕಲ್ಲಿನ ಹಾಗೆ, ತಳ ಸೇರಿತೆಂದರೆ ಮುಗಿಯಿತು. ಗಂಡ ಕುಡಿದು ಬಂದ, ಮಗಳು ಮನೆ ಬಿಟ್ಟು ಹೊರಟಳು, ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತಿದರು, ಏನೇ ಇರಲಿ, ಜನ ಅಯ್ಯನವರ ಮನೆಯ ಮುಂದಿನ ಕೋಣೆಗೆ ಬಂದು, ಬೆತ್ತದ ಕುರ್ಚಿಯಲ್ಲಿ ಕೂತು, ಅತ್ತು, ಮೂಗೊರೆಸಿಕೊಂಡು ಹಗುರಾಗಿ ಹೋಗುತ್ತಿದ್ದರು. ಒಳಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿಗೂ ಅವರು ಒಂದಕ್ಷರ ಹೇಳುತ್ತಿರಲಿಲ್ಲ.

“ರೀ, ಆ ಟೈಲರಕ್ಕ ಯಾಕೆ ಅಷ್ಟು ಅತ್ತಿದ್ದು?” ಎಂದು ಆಕೆ ಕೇಳಿದರೆ, “ಕಣ್ಣಿಗೆ ಏನೋ ಬಿತ್ತಂತೆ” ಎನ್ನುತ್ತಿದ್ದರು.

“ಆ ಕೋಣೆಗೆ ಬಂದೋರಿಗೆಲ್ಲ ಕಣ್ಣಿಗೇ ಬೀಳುತ್ತಲ್ಲ! ಮೊದಲು ಅಲ್ಲಿನ ಧೂಳು ಹೊಡೀಬೇಕು” ಎಂದು ಆಕೆ ಮೂಗು ಮುರಿಯುತ್ತಿದ್ದಳು. ಆಕೆಗೂ ಸಭೆಯಲ್ಲಿ ಒಂದು ಹೆಸರಿತ್ತು, ಅಮ್ಮನವರು.

ಸಭೆ ಸೇರುತ್ತಿದ್ದುದು ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿನ ಹಾಲಿನಲ್ಲಿ. ಕೆಳಗೆ ಪೈಪು, ಬೋಲ್ಟು, ಚಿಲಕ. ಮೇಲೆ ಪ್ಲಾಸ್ಟಿಕ್ ಕುರ್ಚಿ, ಕೀಬೋರ್ಡು, ಗೋಡೆಯಲ್ಲಿ ಮರದ ಶಿಲುಬೆ. ಅಂಗಡಿಯ ಯಜಮಾನರೇ ಸಭೆಯ ಮುಖ್ಯ ಹಿರಿಯರು. ಈಚೆಗೆ ಶಿಲುಬೆಯ ಪಕ್ಕದಲ್ಲಿ ಅದರ ಮೂರರಷ್ಟು ಅಗಲದ ಪರದೆಯೊಂದು ಬಂದಿತ್ತು. ಅದನ್ನು ತಂದವನು ಕಿರಿಯ ಪಾಲಕ. ಅವನ ಅಡ್ಡಹೆಸರು ‘ಮೈಕು’.

ಮೈಕು ಮೊದಲು ಮದುವೆಗಳಿಗೆ, ಮೀಟಿಂಗುಗಳಿಗೆ ಸೌಂಡು ಹಾಕುತ್ತಿದ್ದವನು. ಸಭೆಯ ಸ್ಪೀಕರ್ ರಿಪೇರಿಗೆ ಬಂದವನು ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ಕೇಳುತ್ತಾ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕೂತುಬಿಟ್ಟ. ಹಿಂದೆ ಮುಂದೆ ಯಾರೂ ಇಲ್ಲದವನು. ಅಯ್ಯನವರು ಮನೆಯಲ್ಲಿಟ್ಟುಕೊಂಡರು, ಓದಿಸಿದರು, ಸೇವೆಗೆ ತಯಾರು ಮಾಡಿದರು, ತಾವೇ ಮುಂದೆ ನಿಂತು ಮದುವೆ ಮಾಡಿದರು. ಮಕ್ಕಳಿಲ್ಲದ ಆ ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮನವರು ಮೊದಲು ಬಡಿಸುತ್ತಿದ್ದುದೇ ಅವನಿಗೆ. ಈಗ ಅವನು ಆರಾಧನೆಯನ್ನು ಫೋನಿನಲ್ಲಿ ನೇರ ಪ್ರಸಾರ ಮಾಡುತ್ತಿದ್ದ, ಹಾಡಿನ ಸಾಲುಗಳನ್ನು ಪರದೆಗೆ ಹಾಕುತ್ತಿದ್ದ, ‘ಪ್ರಾರ್ಥನಾ ಸರಪಳಿ’ ಎಂದು ಫೋನಿನಲ್ಲೇ ಒಂದು ಗ್ರೂಪು ಮಾಡಿದ್ದ. ಅಯ್ಯನವರು ಒಂದಕ್ಕೂ ಅಡ್ಡ ಬರಲಿಲ್ಲ. “ಮಾಡಪ್ಪ. ಕಾಲ ಬದಲಾಗಿದೆ. ನಂಗೆ ಬರದ್ದು ನಿಂಗೆ ಬರುತ್ತೆ” ಎನ್ನುತ್ತಿದ್ದರು, ಹೆಮ್ಮೆಯಿಂದಲೇ.

ಆ ಸರಪಳಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಜನ ಚಾಡಿ ಹೇಳುವವರಲ್ಲ. ಚಾಡಿ ಪಾಪ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ‘ಪ್ರಾರ್ಥನೆಗೆ ಮಾತ್ರ ಹೇಳ್ತಿದ್ದೀನಿ’ ಎಂದು ಶುರು ಮಾಡಿ, ‘ದಯವಿಟ್ಟು ಪ್ರಾರ್ಥನೆಯಲ್ಲಿ ಎತ್ತಿ ಹಿಡಿಯಿರಿ’ ಎಂದು ಮುಗಿಸಿದರೆ, ನಡುವೆ ಯಾರ ಮನೆಯ ಯಾವ ಬಾಗಿಲನ್ನು ಬೇಕಾದರೂ ತೆರೆಯಬಹುದು. ಪಾಪವೂ ಇಲ್ಲ, ಪುಣ್ಯ ಬೇರೆ! ಮೊದಲು ಇದು ಮೆಟ್ಟಿಲ ಮೇಲೆ ಪಿಸುಮಾತಿನಲ್ಲಿ ನಡೆಯುತ್ತಿತ್ತು. ಈಗ ಬೆರಳು ಒತ್ತಿದರೆ ಸಾಕಿತ್ತು.

ಆ ವರ್ಷ ಅಯ್ಯನವರಿಗೆ ಒಂದು ಕಷ್ಟ ಬಂತು. ಕಾಯಿಲೆಯಲ್ಲ, ಕಸಾಲೆಯಲ್ಲ. ಪ್ರಾರ್ಥನೆ ಬರುವುದು ನಿಂತಿತು. ಸಭೆಯ ಮುಂದೆ ನಿಂತರೆ ಬಾಯಿ ತಾನಾಗಿಯೇ ಓಡುತ್ತಿತ್ತು, ಅದಕ್ಕೆ ದಾರಿ ಗೊತ್ತಿತ್ತು. ಮನೆಯಲ್ಲಿ ಒಬ್ಬರೇ ಮಂಡಿಯೂರಿದರೆ ಮಂಡಿನೋವಿನ ಹೊರತು ಬೇರೇನೂ ಗೊತ್ತಾಗುತ್ತಿರಲಿಲ್ಲ. ‘ಕರ್ತನೇ’ ಎನ್ನುವರು. ಮುಂದೆ ಮಾತಿಲ್ಲ. ಕಾರಣ ಹುಡುಕಿದರೂ ಸಿಗಲಿಲ್ಲ. ನಂಬಿಕೆ ಹೋಯಿತೇ ಎಂದು ತಮ್ಮನ್ನೇ ಕೇಳಿಕೊಂಡರು, ಇಲ್ಲ, ಇತ್ತು. ಮನೆಯಲ್ಲೇ ಇದ್ದು ಮಾತು ಬಿಟ್ಟವರ ಜೊತೆ ಬದುಕುವ ಹಾಗಿತ್ತು, ಅಷ್ಟೇ. ಊರಿನವರ ಸಂಕಟಕ್ಕೆಲ್ಲ ಕಿವಿಯಾದ ಮನುಷ್ಯನಿಗೆ ತನ್ನದನ್ನು ಹೇಳಿಕೊಳ್ಳಲು ಒಂದು ಕುರ್ಚಿ ಇರಲಿಲ್ಲ.

ಕೊನೆಗೆ ಒಂದು ದಿನ ಆರಾಧನೆ ಮುಗಿದು, ಇಬ್ಬರೂ ಹಾಲಿನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಮೈಕುವಿನ ಹತ್ತಿರ ಬಾಯಿಬಿಟ್ಟರು.

“ನಂಗೆ ಪ್ರಾರ್ಥನೆ ಬರ್ತಿಲ್ಲ ಕಣಪ್ಪ. ಆರು ತಿಂಗಳ ಮೇಲಾಯ್ತು.”

ಮೈಕುವಿನ ಕಣ್ಣು ತುಂಬಿತು. ನಟನೆಯಲ್ಲ, ನಿಜವಾಗಿ ತುಂಬಿತು. “ಅಯ್ಯನವರೇ, ನೀವು ಒಬ್ರೇ ಇದನ್ನ ಹೊತ್ಕೊಂಡು ಓಡಾಡ್ತಿದ್ರಾ?” ಎಂದ.

“ಇದು ನಮ್ಮಿಬ್ಬರಲ್ಲೇ ಇರಲಿ. ಅಮ್ಮನಿಗೂ ಹೇಳಿಲ್ಲ, ಗಾಬರಿಯಾಗ್ತಾಳೆ.”

“ನನ್ನ ಹೊಟ್ಟೇಲೇ ಇರುತ್ತೆ, ಅಯ್ಯನವರೇ. ನಾನು ನಿಮ್ಮ ಮಗ ಅಲ್ವಾ?”

ಅಂದು ಅಯ್ಯನವರು ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿಯಲಿಲ್ಲ. ಮೈ ಅಷ್ಟು ಹಗುರಾಗಿತ್ತು. ಜನ ತಮ್ಮ ಕೋಣೆಯಿಂದ ಎದ್ದು ಹೋಗುವಾಗ ಏನು ಹೊತ್ತು ಹೋಗುತ್ತಿದ್ದರೆಂಬುದು ಅವರಿಗೆ ಮೊದಲ ಬಾರಿ ತಿಳಿಯಿತು.

ಅದೇ ವಾರ ಅವರು ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಟೈಲರಕ್ಕನ ಅಂಗಡಿಗೆ ಹೋದರು. ಆಕೆ ಹೊಲಿಗೆ ಯಂತ್ರದ ಮುಂದೆ ಸೋತ ಮುಖ ಹಾಕಿಕೊಂಡು ಕೂತಿದ್ದಳು.

“ಹುಷಾರಿಲ್ವೇನಮ್ಮ?”

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅಯ್ಯನವರೇ. ಉಪವಾಸ.” ಆಕೆ ಟೇಪು ಕತ್ತಿಗೆ ಹಾಕಿಕೊಂಡು ಎದ್ದಳು. “ನಿಮಗೋಸ್ಕರಾನೇ.”

“ನನಗೋಸ್ಕರಾನಾ? ನಂಗೇನಾಗಿದೆ?”

ಆಕೆ ಅವರ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. “ನೀವು ಪ್ರಾರ್ಥನೆ ಬಿಟ್ರಂತಲ್ಲ! ನಂಬಿಕೆನೇ ಬಿಟ್ಟಿದ್ದಾರೆ ಅಂತಾನೂ ಅಂತಾರೆ. ನಾನು ನಂಬಲಿಲ್ಲ. ಆದ್ರೂ ಇರಲಿ ಅಂತ ಊಟ ಬಿಟ್ಟೆ.”

‘ಬರ್ತಿಲ್ಲ’ ಎಂದು ಹೊರಟ ಮಾತು ‘ಬಿಟ್ರು’ ಆಗಿ ಊರು ಸುತ್ತಿ ಬಂದಿತ್ತು. ಪ್ಯಾಂಟನ್ನು ಅಲ್ಲೇ ಬಿಟ್ಟು ನೆಟ್ಟಗೆ ಹಾಲಿಗೆ ನಡೆದರು. ಮೈಕು ನೆಲದ ಮೇಲೆ ಕೂತು ವೈರುಗಳನ್ನು ಸುತ್ತುತ್ತಿದ್ದ.

“ಗ್ರೂಪಿಗೆ ಹಾಕಿದ್ಯಾ?”

“ಪ್ರಾರ್ಥನೆಗೆ ಮಾತ್ರ, ಅಯ್ಯನವರೇ.” ಅವನ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಅದನ್ನು ನೋಡಿಯೇ ಅಯ್ಯನವರಿಗೆ ಸಿಟ್ಟು ಬಂದದ್ದು. “ನಾನೊಬ್ಬನೇ ಪ್ರಾರ್ಥಿಸಿದ್ರೆ ಸಾಕಾಗಲ್ಲ ಅನ್ನಿಸ್ತು. ನಿಮ್ಮ ಹೆಸರು ಹಾಕಿಲ್ಲ. ‘ನಮ್ಮ ಹಿರಿಯ ಪಾಲಕರೊಬ್ಬರು’ ಅಂತ ಮಾತ್ರ ಹಾಕ್ದೆ.”

“ನಮ್ಮ ಸಭೇಲಿ ಹಿರಿಯ ಪಾಲಕರು ಎಷ್ಟು ಜನ ಇದ್ದಾರಪ್ಪ?”

ಮೈಕು ಯೋಚಿಸಿದ. ಸುತ್ತುತ್ತಿದ್ದ ವೈರು ನಿಂತಿತು.

“ನಾನು ಹೊಟ್ಟೇಲಿಟ್ಕೋ ಅಂದಿದ್ದೆ” ಎಂದರು ಅಯ್ಯನವರು. ಬೈಯಬೇಕೆಂದು ಬಂದವರು ಬೈಯಲಾರದೆ, ಬಂದ ದಾರಿಯಲ್ಲೇ ಇಳಿದು ಹೋದರು. ಇಳಿಯುವಾಗ ಕಂಬಿ ಬೇಕಾಯಿತು.

ಆಮೇಲೆ ನಡೆದದ್ದು ಆಗುವುದೇ. ಬೀದಿಯಲ್ಲಿ ಸಿಕ್ಕವರು ತಲೆ ಓರೆ ಮಾಡಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ “ಹೇಗಿದ್ದೀರಿ?” ಎಂದು ಕೇಳತೊಡಗಿದರು. ಅಮ್ಮನವರಿಗೆ ವಿಷಯ ಗೊತ್ತಾದದ್ದು ತರಕಾರಿ ಅಂಗಡಿಯ ಮುಂದೆ, ಪರಿಚಯವೇ ಇಲ್ಲದ ಹೆಂಗಸೊಬ್ಬಳಿಂದ. ಆಕೆ ಮನೆಗೆ ಬಂದು ಚೀಲವನ್ನು ನೆಲಕ್ಕೆ ಕುಕ್ಕಿದಳು.

“ಅವನಿಗೆ ಹೇಳಿದ್ರಿ. ನಂಗೆ ಹೇಳಲಿಲ್ಲ.”

ಅಯ್ಯನವರು ಬಗ್ಗಿ, ಉರುಳಿದ ಈರುಳ್ಳಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದರು.

ಹಿರಿಯರ ಕೂಟ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿತು. ಪೈಪಿನ ಕಟ್ಟುಗಳ ನಡುವೆ ಕುರ್ಚಿ ಹಾಕಿದ್ದರು, ಟೀ ತರಿಸಿದ್ದರು, ಮೈಕುವನ್ನೂ ಕೂರಿಸಿಕೊಂಡಿದ್ದರು. ಅಂಗಡಿ ಹಿರಿಯರು ತುಂಬಾ ಪ್ರೀತಿಯಿಂದಲೇ ಮಾತು ತೆಗೆದರು.

“ನೋಡಿ ಅಯ್ಯನವರೇ, ನಮಗೆ ನಿಮ್ಮ ಮೇಲೆ ಗೌರವ ಇದೆ. ಆದ್ರೆ ಪ್ರಾರ್ಥನೆ ಬಿಟ್ಟಿರೋರು ಪ್ರಸಂಗ ಮಾಡಿದ್ರೆ ಚಿಕ್ಕೋರಿಗೆ ತಪ್ಪು ದಾರಿ ತೋರಿಸ್ದಂಗಾಗಲ್ವಾ? ಸ್ವಲ್ಪ ಕಾಲ ವಿಶ್ರಾಂತಿ ತಗೊಳ್ಳಿ. ಇವನು ನೋಡ್ಕೊಳ್ತಾನೆ.”

“ಬಿಟ್ಟಿಲ್ಲ. ಬರ್ತಿಲ್ಲ ಅಂದೆ” ಎಂದರು ಅಯ್ಯನವರು.

“ಎರಡೂ ಒಂದೇ ಅಲ್ವಾ?”

ಒಂದೇ ಅಲ್ಲ. ಆ ಕೋಣೆಯಲ್ಲಿ ಅದು ಗೊತ್ತಿದ್ದವರು ಇಬ್ಬರೇ. ಅಯ್ಯನವರು ಮೈಕುವಿನ ಕಡೆ ತಿರುಗಿದರು. ಒಂದು ವಾಕ್ಯ ಸಾಕಿತ್ತು. ‘ಅಯ್ಯನವರು ಬಿಟ್ಟೆ ಅನ್ನಲಿಲ್ಲ, ನಾನು ಕೇಳಿದ್ದೀನಿ’ ಎಂದು ಅವನು ಅಂದಿದ್ದರೆ ಎಲ್ಲವೂ ಅಲ್ಲೇ ನಿಲ್ಲುತ್ತಿತ್ತು. ಅಯ್ಯನವರು ಆ ಒಂದು ವಾಕ್ಯಕ್ಕಾಗಿ ಬಾಯಾರಿದವರಂತೆ ಕಾದರು. ಮೈಕು ಟೀ ಲೋಟವನ್ನು ನೋಡುತ್ತಿದ್ದ. ಕೊನೆಗೆ “ಎಲ್ಲ ಅಯ್ಯನವರ ಒಳ್ಳೇದಕ್ಕೇ” ಎಂದ.

ಗ್ರೂಪಿಗೆ ಹಾಕಿದ್ದು ದಡ್ಡತನ ಎಂದು ಬಿಡಬಹುದಿತ್ತು. ಇದನ್ನು ಏನೆಂದು ಬಿಡುವುದು? ಹಿರಿಯ ಪಾಲಕರ ಕುರ್ಚಿ ಖಾಲಿಯಾಗುವುದು ಕಂಡಿತು, ತುಟಿ ಹೊಲಿದುಕೊಂಡ.

ಸುತ್ತ ಕೂತಿದ್ದ ಹಿರಿಯರನ್ನು ಅಯ್ಯನವರು ಒಬ್ಬೊಬ್ಬರಾಗಿ ನೋಡಿದರು. ಆ ಪ್ರತಿಯೊಬ್ಬರೂ ಬೆತ್ತದ ಕುರ್ಚಿಯಲ್ಲಿ ಕೂತು ಎದ್ದವರೇ. ಅಂಗಡಿ ಹಿರಿಯರಂತೂ ಒಮ್ಮೆ ಬಾಗಿಲ ಚಿಲಕ ತಾವೇ ಹಾಕಿಕೊಂಡು ಮಗುವಿನ ಹಾಗೆ ಅತ್ತಿದ್ದರು. ಏನಕ್ಕೆ ಎಂದು ಕೇಳಬೇಡಿ, ಬಾವಿ ಬಾಯಿಬಿಟ್ಟಿಲ್ಲ. ಅಯ್ಯನವರ ಕಣ್ಣು ತಮ್ಮ ಮೇಲೆ ನಿಂತಾಗ ಹಿರಿಯರಿಗೆ ಅದು ನೆನಪಾಗಿರಬೇಕು, ಟೀ ಗಂಟಲಿಗೆ ಸಿಕ್ಕಿ ಕೆಮ್ಮಿದರು. ಅಯ್ಯನವರ ನಾಲಿಗೆಯ ತುದಿಗೆ ಬಂದದ್ದು ನಿಜ. ಅವರೂ ಮನುಷ್ಯರೇ. ನುಂಗಿಕೊಂಡರು. ಎದ್ದು, ಹಾಲಿನ ಬೀಗದ ಕೈಯನ್ನು ಪೈಪಿನ ಕಟ್ಟಿನ ಮೇಲಿಟ್ಟು ಹೊರಬಂದರು. ಹಿಂದಿನಿಂದ ಯಾರೋ “ಒಂದು ಪ್ರಾರ್ಥನೆ ಮಾಡಿ ಹೋಗೋಣ” ಎಂದದ್ದು ಕೇಳಿಸಿತು. ಅವರು ನಿಲ್ಲಲಿಲ್ಲ.

ಆಮೇಲೆ ಬೆತ್ತದ ಕುರ್ಚಿಗೆ ಯಾರೂ ಬರಲಿಲ್ಲ. ‘ಅಯ್ಯನವರಿಗೆ ವಿಶ್ರಾಂತಿ ಬೇಕು, ತೊಂದರೆ ಕೊಡಬೇಡಿ’ ಎಂದು ಸರಪಳಿಯಲ್ಲಿ ಬಂದಿತ್ತಂತೆ. ಅಮ್ಮನವರು ಒಗೆದ ಬಟ್ಟೆ ಮಡಚಿ ಅದರ ಮೇಲಿಡಲು ಶುರುಮಾಡಿದಳು. ಟೈಲರಕ್ಕ ಮಾತ್ರ ಪ್ಯಾಂಟು ತಂದುಕೊಟ್ಟು, ಕೂಲಿ ತೆಗೆದುಕೊಳ್ಳದೆ ಹೋದಳು. ಅಯ್ಯನವರು ಬೆಳಿಗ್ಗೆ ಏಳುವರು, ಮಂಡಿಯೂರುವರು, ‘ಕರ್ತನೇ’ ಎನ್ನುವರು, ಏಳುವರು.

ಬೇಸಿಗೆ ಕಳೆದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಮೈಕು ನಿಂತಿದ್ದ. ಗಡ್ಡ ಬೆಳೆದಿತ್ತು, ಇಸ್ತ್ರಿ ಇಲ್ಲದ ಅಂಗಿ. ಅಮ್ಮನವರು ‘ಬಾ’ ಅನ್ನಲಿಲ್ಲ, ‘ಹೋಗು’ ಅನ್ನಲೂ ಇಲ್ಲ. ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಜೋಡಿಸತೊಡಗಿದಳು. ಮೈಕು ಕುರ್ಚಿಯ ಮೇಲಿನ ಬಟ್ಟೆಯ ಮಡಿಕೆಯನ್ನು ತಾನೇ ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತ.

“ಅವಳು ಮನೆ ಬಿಟ್ಟು ಹೋದ್ಲು, ಅಯ್ಯನವರೇ.”

ಅವನ ಹೆಂಡತಿ. ಅಯ್ಯನವರು ಎದುರಿಗೆ ಕೂತರು.

“ಪ್ರಸಂಗದಲ್ಲಿ ಉದಾಹರಣೆಗೆ ಅಂತ ನಮ್ಮನೆ ಜಗಳ ಒಂದನ್ನ ಹೇಳ್ದೆ. ಅವಳು ನನ್ನ ಹತ್ರ ಮಾತ್ರ ಹೇಳಿದ್ದ ಮಾತು ಅದು. ಫೋನಲ್ಲಿ ಅವಳ ಮನೆಯೋರೆಲ್ಲ ನೋಡಿದ್ರು.” ಅವನು ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿದ. “ಯಾರಿಗೂ ಹೇಳೋ ಹಾಗಿಲ್ಲ, ಅಯ್ಯನವರೇ. ಹೇಳಿದ್ರೆ ಗ್ರೂಪಿಗೆ ಹಾಕ್ಬಿಡ್ತಾರೆ.”

ಅಯ್ಯನವರಿಗೆ ನಗು ಬಂತು. ಸಂತೋಷದ ನಗುವಲ್ಲ. ಒಳಗೆ ಪಾತ್ರೆಗಳ ಸದ್ದು ನಿಂತಿತು.

“ಅದಕ್ಕೇ ನಿಮ್ಮ ಹತ್ರ ಬಂದೆ. ನಿಮ್ಮ ಹೊಟ್ಟೇಲೇ ಇರುತ್ತೆ ಅಂತ ಗೊತ್ತು. ನನಗೋಸ್ಕರ ಪ್ರಾರ್ಥನೆ ಮಾಡಿ, ಅಯ್ಯನವರೇ.”

“ನಂಗೆ ಪ್ರಾರ್ಥನೆ ಬರಲ್ಲ ಅಂತ ಊರಿಗೆಲ್ಲ ಹೇಳಿದ್ದು ನೀನೇ ಅಲ್ವೇನೋ?”

ಮೈಕು ತಲೆ ತಗ್ಗಿಸಿದ. ತಪ್ಪಾಯಿತು ಎನ್ನಲಿಲ್ಲ. ಅನ್ನಬೇಕೆಂದು ಅವನಿಗೆ ಇನ್ನೂ ಹೊಳೆದಿರಲಿಲ್ಲವೋ, ಹೊಳೆದೂ ಬಾಯಿ ಬರಲಿಲ್ಲವೋ. ಕಣ್ಣು ಮುಚ್ಚಿಕೊಂಡು ಕೈ ಜೋಡಿಸಿ ಕಾದ.

ಅಯ್ಯನವರೂ ಕಣ್ಣು ಮುಚ್ಚಿದರು. ಬೇರೇನೂ ತೋಚಲಿಲ್ಲ.

“ಕರ್ತನೇ,” ಎಂದರು.

ಎಂದಿನಂತೆ ಅಲ್ಲಿಗೆ ನಿಂತಿತು. ಆಮೇಲೆ ನಿಲ್ಲಲಿಲ್ಲ.

“ಕರ್ತನೇ, ಇವನನ್ನ ಮಗ ಅಂದ್ಕೊಂಡಿದ್ದೆ. ನಂಬಿ ಹೇಳ್ದೆ. ಇವನು ನನ್ನನ್ನ ಬೀದೀಲಿ ನಿಲ್ಲಿಸ್ದ, ಅದೂ ನಿನ್ನ ಹೆಸರು ಹೇಳಿ ನಿಲ್ಲಿಸ್ದ. ಒಂದು ಮಾತು ಹೇಳಿದ್ರೆ ಸಾಕಿತ್ತು, ಹೇಳ್ಲಿಲ್ಲ. ನಾನು ಕಾದೆ. ನೀನೂ ನೋಡ್ತಿದ್ದೆ, ನೀನೂ ಸುಮ್ಮನಿದ್ದೆ. ನಂಗೆ ಸಿಟ್ಟಿದೆ, ಕರ್ತನೇ. ಇವನ ಮೇಲೂ ಇದೆ, ನಿನ್ನ ಮೇಲೂ ಇದೆ. ಆ ಹೆಣ್ಣುಮಗಳದ್ದು ತಪ್ಪೇನೂ ಇಲ್ಲ, ಅವಳನ್ನ ನೋಡ್ಕೋ. ಇವನನ್ನ ಕ್ಷಮಿಸು ಅಂತ ನಾನು ಕೇಳಲ್ಲ. ಇವತ್ತಂತೂ ಕೇಳಲ್ಲ.”

ಇಷ್ಟು ದಿನ ಎಲ್ಲಿತ್ತೋ ಆ ಮಾತು! ಅಯ್ಯನವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಳಗಿನ ಕೋಣೆಯಿಂದ ಅಮ್ಮನವರ “ಆಮೆನ್” ಬಂತು, ಗೋಡೆ ಅದುರುವ ಹಾಗೆ.

ಕಣ್ಣು ಮುಚ್ಚಿ ಕೂತಿದ್ದ ಮೈಕುವೂ ಅಭ್ಯಾಸದಂತೆ “ಆಮೆನ್” ಅಂದ. ಅಂದ ಮೇಲೆ ಬಟ್ಟೆಯ ಮಡಿಕೆಯಲ್ಲಿ ಮುಖ ಮುಚ್ಚಿಕೊಂಡ.