ಎಣ್ಣೆ ಹಚ್ಚಿದ ಸಿಲಿಂಡರು

ಊದುಗೊಳವೆಗೆ ಬಾಯಿಟ್ಟು ಊದಿದೆ. ಉರಿ ಬಾಗಲಿಲ್ಲ.

ಮತ್ತೆ ಊದಿದೆ. ಮೂಗುತಿಯ ಬೆಸುಗೆ ಕರಗುವವರೆಗೆ ಒಂದೇ ಸಮನೆ ಊದುವುದು ನನಗೆ ಊಟ ಮಾಡಿದಷ್ಟು ಸಲೀಸು. ಸಂತೆಬಾಚಹಳ್ಳಿಯಲ್ಲಿ ಅಪ್ಪನ ಕಾಲದಿಂದಲೂ ನಮ್ಮದು ಚಿನ್ನ ಬೆಳ್ಳಿ ಕೆಲಸ. ಆ ದಿನ ಮಾತ್ರ ಎದೆ ಹಿಡಿದುಕೊಂಡಿತು, ಕಣ್ಣಿಗೆ ಕತ್ತಲೆ ಬಂತು. ಕಫ ಇರಬೇಕು ಎಂದು ಹೆಂಡತಿ ಸರೋಜಳಿಗೆ ಕಷಾಯ ಕಾಯಿಸಲು ಹೇಳಿದೆ. ಅವಳು ಕಷಾಯವನ್ನೂ ಕೊಟ್ಟಳು, ಮೈಸೂರಿಗೆ ಹೊರಡಲು ಬ್ಯಾಗನ್ನೂ ತುಂಬಿಟ್ಟಳು.

ಮೈಸೂರಿನಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರಮ್ಮನಿಗೆ ನನ್ನ ಮಗಳಷ್ಟು ವಯಸ್ಸು. ಫೈಬ್ರೋಸಿಸ್ ಅಂದರು. ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿದೆ, ಕುಲುಮೆಯ ಹೊಗೆ, ಆಸಿಡ್ಡಿನ ಆವಿ ಕಾರಣ ಇರಬಹುದು, ಖಚಿತವಾಗಿ ಹೇಳಲಾಗದು, ಹೋದದ್ದು ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳೋಣ ಎಂದರು.

ಇನ್ನು ಮನೆಯಲ್ಲೂ ಆಕ್ಸಿಜನ್ ಬೇಕು.

ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಬೀಡಿ ಸೇದಿದವನಲ್ಲ, ಕುಡಿದವನಲ್ಲ. ಉಸಿರನ್ನೇ ಹತಾರ ಮಾಡಿಕೊಂಡು ಇಡೀ ಹೋಬಳಿಯ ಹೆಣ್ಣುಮಕ್ಕಳಿಗೆ ತಾಳಿ, ಓಲೆ ಮಾಡಿಕೊಟ್ಟವನು. ಡಾಕ್ಟರಮ್ಮ ಉಸಿರನ್ನು ಮೂಗಿನಲ್ಲಿ ಎಳೆದುಕೊಂಡು, ತುಟಿ ಸಣ್ಣ ಮಾಡಿ ನಿಧಾನಕ್ಕೆ ಬಿಡುವ ಅಭ್ಯಾಸವನ್ನು ಹೇಳಿಕೊಡಲು ಬಂದರು. ಮಾಡಿ ತೋರಿಸಿದೆ. ಇಷ್ಟು ಚೆನ್ನಾಗಿ ಯಾರು ಕಲಿಸಿದರು ಎಂದು ಕೇಳಿದರು.

ಮನೆಗೆ ಕಾನ್ಸಂಟ್ರೇಟರ್ ಬಂತು. ನಾವಿರುವ ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಪೆಟ್ಟಿಗೆ ಅದು. ಮೂಗಿಗೆ ಟ್ಯೂಬು. ಟ್ಯೂಬು ಎಳೆದಷ್ಟು ದೂರವೇ ನನ್ನ ಊರು: ಜಗಲಿ, ನಡುಮನೆ, ಬಚ್ಚಲ ಬಾಗಿಲು. ಪೆಟ್ಟಿಗೆ ನಡೆಯಲು ಕರೆಂಟು ಬೇಕು. ಮನೆಯ ಯುಪಿಎಸ್ಸು ಎರಡು ಬಲ್ಬು, ಒಂದು ಫ್ಯಾನಿಗಷ್ಟೇ ಸಾಕು, ಈ ಪೆಟ್ಟಿಗೆಯನ್ನು ಎಳೆಯಲಾರದು. ಹಾಗಾಗಿ ಕೆ.ಆರ್. ಪೇಟೆಯ ಅಂಗಡಿಯಿಂದ ಒಂದು ಸಿಲಿಂಡರನ್ನೂ ತರಿಸಿ ಮೂಲೆಗೆ ನಿಲ್ಲಿಸಿದೆವು. ಹತ್ತಿರ ಬೆಂಕಿ ಬೇಡ ಎಂದರು. ದೇವರ ದೀಪವನ್ನು ಸರೋಜ ಹೊರಗಿನ ತುಳಸಿಕಟ್ಟೆಗೆ ಸಾಗಿಸಿದಳು.

ಅಂಗಡಿಯವನು ಇನ್ನೂ ಏನೇನೋ ಹೇಳಿದ್ದನಂತೆ. ಯಂತ್ರ, ಹತಾರಗಳ ವಿಷಯದಲ್ಲಿ ನನಗೆ ಬುದ್ಧಿ ಹೇಳುವವನು ಇನ್ನೂ ಹುಟ್ಟಬೇಕು ಎಂಬ ಗತ್ತು ನನ್ನದು, ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಲಿಂಡರಿನ ವಾಲ್ವು ತುಸು ಬಿಗಿ ಅನ್ನಿಸಿತು. ನಮ್ಮ ಕಸುಬಿನಲ್ಲಿ ಇಕ್ಕಳವಾಗಲಿ, ತಂತಿ ಎಳೆಯುವ ಅಚ್ಚಾಗಲಿ, ಬಿಗಿಯಾದದ್ದಕ್ಕೆಲ್ಲ ಒಂದೇ ಮದ್ದು. ಬೆರಳಿಗೆ ಕೊಬ್ಬರಿ ಎಣ್ಣೆ ತಗೊಂಡು ವಾಲ್ವಿನ ಸುತ್ತ, ತಿರುಪಿನ ಸಂದಿಗೆಲ್ಲ ನೀಟಾಗಿ ಸವರಿದೆ. ಕೆಲಸ ಅಂದರೆ ಹೀಗಿರಬೇಕು ಎಂದು ಸರೋಜಳಿಗೆ ತೋರಿಸಿಯೂ ಇದ್ದೆ.

ಕಾರ್ತಿಕದಲ್ಲಿ ಸೈಕ್ಲೋನು ಬಂತು. ಅದು ಇರುವುದು ಎಲ್ಲೋ ಸಮುದ್ರದಲ್ಲಿ, ನಮಗೆ ಬಿಡದ ಜಡಿಮಳೆ, ಥಂಡಿ ಗಾಳಿ. ಥಂಡಿಗೆ ನನ್ನ ಎದೆ ಇನ್ನೂ ಬಿಗಿಯಿತು. ಒಂದು ದಿನ ಇಳಿಹೊತ್ತಿಗೆ ಪೇಟೆ ರಸ್ತೆಯಲ್ಲಿ ತೆಂಗಿನಮರ ಲೈನಿನ ಮೇಲೆ ಬಿತ್ತು. ಪೆಟ್ಟಿಗೆ ಕುಂಯ್ ಎಂದು ಕೂಗಿ ನಿಂತಿತು.

ನನಗೇನೂ ಗಾಬರಿಯಾಗಲಿಲ್ಲ. ಸಿಲಿಂಡರ್ ಇದೆಯಲ್ಲ. ಎಷ್ಟಕ್ಕೆ ತಿರುಗಿಸಬೇಕು ಎಂದು ಕೇಳಿಕೊಳ್ಳಲು ಸರೋಜ ಅಂಗಡಿಗೆ ಫೋನು ಮಾಡಿದಳು. ನಮ್ಮ ಮನೆಯವರು ಆಗಲೇ ಎಣ್ಣೆ ಹಾಕಿ ರೆಡಿ ಮಾಡಿಟ್ಟಿದ್ದಾರೆ ಎಂದು ಹೆಮ್ಮೆಯಿಂದಲೇ ಹೇಳಿದಳು. ಫೋನಿನಲ್ಲಿ ಅವನ ದನಿ ನನಗೂ ಕೇಳಿಸಿತು.

"ಅಕ್ಕಾ, ಮುಟ್ಬ್ಯಾಡಿ. ಆಕ್ಸಿಜನ್ಗೆ ಎಣ್ಣೆ ತಾಕುದ್ರೆ ಬೆಂಕಿ ಅತ್ಕೊತದೆ, ಸಿಡೀತದೆ."

ಸರೋಜ ನನ್ನ ಬೆರಳುಗಳನ್ನೇ ನೋಡಿದಳು.

ನನ್ನನ್ನು ಜಗಲಿಗೆ ಕರೆತಂದು, ಮುಂದಕ್ಕೆ ಬಾಗಿಸಿ ಕೂರಿಸಿ, ಡೈರಿಗೆ ಫೋನು ಮಾಡಿದಳು. ಊರಿನ ಹಾಲಿನ ಡೈರಿಯಲ್ಲಿ ದೊಡ್ಡ ತಂಪು ಟ್ಯಾಂಕ್ ಇದೆ, ಅದಕ್ಕೊಂದು ಜನರೇಟರ್ ಇದೆ. ಕಾರ್ಯದರ್ಶಿ ಜವರೇಗೌಡರು ನನ್ನ ಜೊತೆ ಶಾಲೆಗೆ ಹೋದವರು. ಕ್ಯಾನು ಸಾಗಿಸುವ ಆಟೋ ಕಳಿಸುತ್ತೇನೆ ಎಂದರು.

ನಾನು ಬರುವುದಿಲ್ಲ ಎಂದೆ. ಸಂಜೆ ಹಾಲು ಹಾಕುವ ಹೊತ್ತು. ಊರೆಲ್ಲ ಸಾಲಾಗಿ ನಿಂತಿರುತ್ತದೆ. ಮೂಗಿಗೆ ಟ್ಯೂಬು ಸಿಕ್ಕಿಸಿಕೊಂಡು ಅವರ ಮುಂದೆ ಕೂರಬೇಕೇ? ಇಷ್ಟು ಹೇಳುವಷ್ಟರಲ್ಲಿ ಮೂರು ಸಲ ನಿಲ್ಲಿಸಿದೆ.

"ಹಾಲ್ ಕೆಡಬಾರ್ದು ಅಂತ ಜನರೇಟ್ರು ಮಡಗವ್ರೆ," ಎಂದಳು ಸರೋಜ. "ನೀವು ಹಾಲ್ಗಿಂತ ಕಡೆನಾ? ಏಳಿ ಮೇಲೆ."

ಆಟೋದಲ್ಲಿ ಕ್ಯಾನುಗಳ ನಡುವೆ ಕೂತೆ. ಪೆಟ್ಟಿಗೆ ಅವಳ ಕಾಲ ಸಂದಿಯಲ್ಲಿ, ಮೇಲೆ ಟಾರ್ಪಾಲು. ಮೂಗಿನಲ್ಲಿ ಎಳೆದೆ. ತುಟಿ ಸಣ್ಣ ಮಾಡಿ ಬಿಟ್ಟೆ. ಎದುರಿಗೊಂದು ಉರಿ ಇದೆ, ಅದು ಆರಬಾರದು, ಬಾಗಬೇಕಷ್ಟೇ ಎಂದುಕೊಂಡೆ. ಹೆದರಿಕೆ ಆಗಿತ್ತು. ಸಾಯುತ್ತೇನೆ ಅಂತಲೇ ಹೆದರಿದ್ದೆ. ಆದರೂ ಊದುವುದು ಬಿಡಲಿಲ್ಲ.

ಡೈರಿಯಲ್ಲಿ ಹಾಲಿನಲ್ಲಿ ಫ್ಯಾಟ್ ಎಷ್ಟಿದೆ ಎಂದು ನೋಡುವ ಮೇಜಿನ ಪಕ್ಕದ ಪ್ಲಗ್ಗಿಗೆ ಪೆಟ್ಟಿಗೆ ಸಿಕ್ಕಿಸಿದರು. ಉಸಿರು ಬಂತು. ಕಣ್ಣು ಬಿಟ್ಟರೆ ಎದುರಿಗೆ ಸಾಲು. ಎಲ್ಲರ ಕಣ್ಣೂ ನನ್ನ ಮೂಗಿನ ಮೇಲೆ. ಕೊನೆಗೆ, ನಾನೇ ಓಲೆ ಮಾಡಿಕೊಟ್ಟ ಒಬ್ಬಾಕೆ ಕ್ಯಾನು ಕೆಳಗಿಟ್ಟು ಕೇಳಿದಳು: "ಆಚಾರ್ರೆ, ನಿಮ್ದು ಫ್ಯಾಟ್ ಎಷ್ಟ್ ಬಂತು?"

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ, ಕೆಮ್ಮಿದೆ, ಮತ್ತೆ ನಕ್ಕೆ.

ಡೀಸೆಲ್ ಮುಗಿದರೆ ಗತಿಯೇನು ಎಂಬುದೇ ನನ್ನ ಚಿಂತೆ. ಜವರೇಗೌಡರು ಅಂದರು, "ನನ್ ಟ್ರಾಕ್ಟರಿಂದ ಇಳುಸ್ತೀನಿ ಕಣ್ಲಾ. ನೀನು ಸುಮ್ಕೆ ಉಸ್ರಾಡು."

ಮರುದಿನ ಮಧ್ಯಾಹ್ನ ಕರೆಂಟು ಬರುವವರೆಗೂ ಅಲ್ಲೇ ಕೂತು ಉಸಿರಾಡಿದೆ.

ಆಮೇಲೆ ಅಂಗಡಿಯವನೇ ಬಂದು ಆ ಸಿಲಿಂಡರನ್ನು ಹುಷಾರಾಗಿ ತೆಗೆದುಕೊಂಡು ಹೋಗಿ ಬೇರೆಯದನ್ನು ತಂದಿಟ್ಟ. ಈ ಸಲ ಅವನು ಹೇಳಿದ್ದನ್ನೆಲ್ಲ ಕೈಕಟ್ಟಿ ಕೇಳಿಸಿಕೊಂಡೆ. ಈ ಮನೆಯಲ್ಲಿ ಆಕ್ಸಿಜನ್ ರೋಗಿ ಇದ್ದಾನೆ ಎಂದು ಸರೋಜ ಕರೆಂಟಿನ ಆಫೀಸಿಗೆ ತಿಳಿಸಿ ಬಂದಳು. ಮಳೆಯ ಸುದ್ದಿ ಬಂದರೆ ಫೋನಿನ ಚಾರ್ಜರು, ಮಾತ್ರೆ, ಸ್ವೆಟರು, ಬಿಡಿ ಟ್ಯೂಬು ಎಲ್ಲ ಬ್ಯಾಗಿನಲ್ಲಿ ಬಾಗಿಲ ಬಳಿ. ಡೈರಿಯವರು ಮೇಜಿನ ಪಕ್ಕ ಇನ್ನೂ ಎರಡು ಪ್ಲಗ್ ಹಾಕಿಸಿದ್ದಾರೆ. ಮೊನ್ನೆ ಕರೆಂಟು ಹೋದಾಗ, ನಡೆಯಲಾಗದ ಒಬ್ಬರ ಬ್ಯಾಟರಿ ಗಾಲಿಕುರ್ಚಿ ಅಲ್ಲಿ ಚಾರ್ಜಿಗೆ ನಿಂತಿತ್ತು.

ಇಷ್ಟಕ್ಕೇ ಅವಳಿಗೆ ಸಮಾಧಾನವಿಲ್ಲ. ಹೇಳದೆ ಕೇಳದೆ ಮೇನ್ ಸ್ವಿಚ್ ಇಳಿಸಿ ನನ್ನನ್ನು ಪರೀಕ್ಷೆ ಮಾಡುತ್ತಾಳೆ. ನಾನು ಗೊಣಗಿಕೊಂಡೇ ಕೈಯನ್ನು ಸೋಪಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ವಾಲ್ವು ಮೆಲ್ಲಗೆ ತಿರುಗಿಸಿ, ಟ್ಯೂಬು ಬದಲಿಸಿಕೊಳ್ಳಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ.

ಇವತ್ತು ಬೆಳಿಗ್ಗೆಯೂ ಪೆಟ್ಟಿಗೆ ಕುಂಯ್ ಎಂದಿತು. ಕೈ ತೊಳೆದೆ, ಒರೆಸಿದೆ, ವಾಲ್ವು ತಿರುಗಿಸಿದೆ. ತಣ್ಣಗೆ ಗಾಳಿ ಬಂತು. ಆಯ್ತು, ಪಾಸಾದೆ, ಮೇನ್ ಹಾಕು ಮಾರಾಯ್ತಿ ಎಂದು ಕೂಗಿದೆ. ಕರೆಂಟು ಬರಲಿಲ್ಲ. ಬೈದುಕೊಂಡು ಕುರ್ಚಿಯಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಬೀದಿಯಿಂದ ಓಡಿಬಂದ ಸರೋಜ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹಾಲಿನ ಚೊಂಬು, ಅರ್ಧ ಚೆಲ್ಲಿತ್ತು.

"ಡೈರಿಲೂ ಕರೆಂಟ್ ಹೋಯ್ತು," ಎಂದಳು, ನನ್ನ ಮೂಗನ್ನೂ ಸಿಲಿಂಡರನ್ನೂ ನೋಡುತ್ತಾ. "ನೀವೇ ಹಾಕ್ಕೊಂಡ್ರಾ?"