ಹಗ್ಗಕ್ಕೆ ಅರಿಶಿನ

ಮುನಿರಾಜಪ್ಪನಿಗೆ ಲೋಕದಲ್ಲಿ ಅಸಹ್ಯವಾಗದ ಸಂಗತಿ ಕಡಿಮೆ. ಹಲಸೂರಿನಿಂದ ಪುಲಿಕೇಶಿನಗರದವರೆಗೆ ಮರ ಹತ್ತಿ ಕೊಂಬೆ ಕಡಿದೇ ಮುದುಕನಾದವನು. ರಸ್ತೆಯಲ್ಲಿ ಹೋಗುವಾಗ ತಲೆಯೆತ್ತಿದರೆ ಸಾಕು, ಯಾರೋ ಅಡ್ಡಾದಿಡ್ಡಿ ಕಡಿದು ಬಿಟ್ಟ ಮೋಟುಗಳು, ಒಂದೇ ಮಗ್ಗುಲು ಬೋಳಿಸಿದ ಮರಗಳು ಕಂಡು ವಾಕರಿಕೆ ಬರುತ್ತದೆ. "ಕ್ಷೌರ ಮಾಡೋಕೂ ಲಾಯಕ್ಕಿಲ್ಲದ ನನ್ಮಕ್ಳು" ಎಂದು ಉಗಿದು ಮುಂದೆ ಹೋಗುತ್ತಾನೆ.

ಎಲ್ಲಕ್ಕಿಂತ ಹೆಚ್ಚು ಅಸಹ್ಯ ಅಳಿಯ ಪ್ರೇಮ್‌ಕುಮಾರನನ್ನು ಕಂಡರೆ. ಮಾವನ ಮಂಡಿ ಸೋತ ಮೇಲೆ ಮರ ಹತ್ತುವ ಕೆಲಸ ಅವನ ಪಾಲಿಗೆ ಬಂದಿದೆ. ದೊಡ್ಡ ಮರಕ್ಕೆ ಕೈಹಾಕುವ ಮೊದಲು ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಕಾಯಿ ಒಡೆಯುವುದು ಇವರ ರೂಢಿ. ಅದೇನೋ ಸರಿಯೇ. ಆದರೆ ಕಾಯಿ ಒಡೆದಾದ ಮೇಲೂ ಹಗ್ಗ ಕಟ್ಟಿಕೊಂಡರೆ ದೇವರನ್ನು ನಂಬದ ಹಾಗೆ ಎನ್ನುವುದು ಅಳಿಯನ ವಾದ. ಮನೆಯಲ್ಲಿ ಮಗಳು ಯಮುನಾ ತುಂಬು ಬಸುರಿ. ಈ ಗಂಡಸು ಬಿದ್ದು ಸತ್ತರೆ ಅವಳ ಗತಿಯೇನು ಎಂದು ನೆನೆದರೆ ಮುದುಕನಿಗೆ ಅನ್ನ ಸೇರುವುದಿಲ್ಲ.

ಕಳೆದ ವಾರ ಪುಲಿಕೇಶಿನಗರದ ಜಹನಾರಾ ಅವರ ಮನೆಯಲ್ಲಿ ಕೆಲಸ. ತಾರಸಿಯ ಮೇಲೆ ಬಾಗಿದ್ದ ಮಳೆಮರದ ಹೆಗ್ಗೊಂಬೆಯನ್ನು ಇಳಿಸಬೇಕಿತ್ತು.

"ಮೊದ್ಲು ಕೆಳಗಿಂದ ಸ್ವಲ್ಪ ಕುಯ್ದು ಬಿಡು. ಆಮೇಲೆ ಒಂಚೂರು ಆಚೆಗೆ ಮೇಲಿಂದ ಕುಯ್ಯಿ. ಭಾರ ಇಳಿದ್ಮೇಲೆ ಮೋಟು ತೆಗಿ, ಕೊಂಬೆ ಬುಡದಲ್ಲಿರೋ ಉಬ್ಬು ಮುಟ್ಬೇಡ, ಗಾಯ ಮಾಯೋದು ಅದ್ರಿಂದ್ಲೇ. ಹಗ್ಗ ಸೊಂಟಕ್ಕೂ ಮೇಲಿನ ಗಟ್ಟಿ ಕೊಂಬೆಗೂ ಕಟ್ಕೊ. ಯಮುನಾ ಮುಖ ನೋಡಿಯಾದ್ರೂ ಕಟ್ಕೊ," ಎಂದ ಮುನಿರಾಜಪ್ಪ.

"ಪೂಜೆ ಆಯ್ತಲ್ಲ ಮಾವ, ಸುಮ್ನಿರಿ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅಳಿಯ ಹಗ್ಗವಿಲ್ಲದೆ ಹತ್ತಿ, ಮೇಲಿಂದಲೇ ಗರಗಸ ಇಟ್ಟ. ಅರ್ಧ ಕೊಯ್ಯುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೆ ತಾನೇ ಮುರಿದು, ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಜೋತುಬಿದ್ದು, ಏಣಿಯನ್ನು ಉರುಳಿಸಿತು. ಪ್ರೇಮ್‌ಕುಮಾರ ಇನ್ನೊಂದು ಕೊಂಬೆಯನ್ನು ತಬ್ಬಿ ನೇತಾಡಿದ. ಮತ್ತೆ ಏಣಿ ಎತ್ತಿ ನಿಲ್ಲಿಸುವವರೆಗೆ ಮುನಿರಾಜಪ್ಪನ ಜೀವ ಬಾಯಿಗೆ ಬಂದಿತ್ತು.

ಇಳಿದ ಅಳಿಯ ಮರದ ಬುಡದ ಕುಂಕುಮವನ್ನು ಹಣೆಗೆ ಹಚ್ಚಿಕೊಂಡ. "ನೋಡಿದ್ರಾ ಮಾವ? ಪೂಜೆನೇ ಕಾಪಾಡ್ತು."

ಮುನಿರಾಜಪ್ಪನಿಗೆ ಕಪಾಳಕ್ಕೆ ಬಾರಿಸಬೇಕೆನಿಸಿತು. ತೊಗಟೆ ಕಿತ್ತು ಹಸಿಹಸಿಯಾಗಿ ನಿಂತ ಮರವನ್ನೂ ಹಲ್ಲು ಕಿರಿಯುತ್ತಿದ್ದ ಆ ಮುಖವನ್ನೂ ಒಮ್ಮೆ ನೋಡಿ, ಯಾರೂ ಮುಟ್ಟದೆ ಬಿದ್ದಿದ್ದ ಹಗ್ಗವನ್ನು ಸುರುಳಿ ಸುತ್ತತೊಡಗಿದ.

ಮುಂದಿನ ಕೆಲಸ ಹಲಸೂರಿನಲ್ಲಿ. ಅವತ್ತು ಪೂಜೆಗೆ ಕೂತವನು ಮುನಿರಾಜಪ್ಪನೇ. ಮರದ ಬುಡದಲ್ಲಿ ಹಗ್ಗವನ್ನು ಸುರುಳಿ ಸುತ್ತಿಟ್ಟು, ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕರ್ಪೂರ ಬೆಳಗಿದ. ಬಳಿಕ ಎತ್ತಿ ಅಳಿಯನ ಮುಂದೆ ಹಿಡಿದ.

"ಪೂಜೆ ಮಾಡಿರೋ ಹಗ್ಗ ಇದು. ನೆಲದಲ್ಲಿ ಬಿಸಾಕಿ ಹತ್ತೋದಾದ್ರೆ ಹತ್ತು, ನಿನ್ನಿಷ್ಟ."

ಪ್ರೇಮ್‌ಕುಮಾರ ಚಪ್ಪಲಿ ಬಿಟ್ಟ. ಹಗ್ಗವನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಬಿಗಿದುಕೊಂಡ.

ಬಸುರಿ ಹೆಂಡತಿಯ ಹೆಸರು ಹೇಳಿದರೂ ಕೇಳದವನು ಚಿಟಿಕೆ ಅರಿಶಿನಕ್ಕೆ ಬಗ್ಗಿದನಲ್ಲ ಎಂದು ಮುನಿರಾಜಪ್ಪನಿಗೆ ಹೇಸಿಗೆಯಾಯಿತು. ಪಕ್ಕಕ್ಕೆ ತಿರುಗಿ ಉಗಿದ. ಆಮೇಲೆ ಹತ್ತಿರ ಹೋಗಿ ಗಂಟನ್ನು ಎಳೆದು ನೋಡಿದ. ಇನ್ನೊಮ್ಮೆಯೂ ಎಳೆದು ನೋಡಿದ.