ವೀರಗಲ್ಲಿಗೆ ಅರಿಶಿನ ಹಚ್ಚಿದ ಮೇಡಂ

ನಮ್ಮ ಮಹಡಿ ಮನೆಯ ಮೇಡಂ ಉಡುತ್ತಿದ್ದ ಸೀರೆಗಳಿಗೆಲ್ಲ ಮೊಣಕಾಲಿನ ಜಾಗದಲ್ಲಿ ಕೆಮ್ಮಣ್ಣಿನ ಎರಡು ದುಂಡು ಕಲೆಗಳಿದ್ದವು. ಎಷ್ಟು ಉಜ್ಜಿ ಒಗೆದರೂ ಹೋಗುತ್ತಿರಲಿಲ್ಲ. ಹಣೆಯ ತುಂಬ ವಿಭೂತಿ, ಚೀಲದಲ್ಲಿ ನೀರಿನ ಬಾಟಲಿ, ಒಂದು ಮೆತ್ತನೆಯ ಬ್ರಷ್ಷು. ಹಳೆಯ ಕಲ್ಲು ಎಲ್ಲಿ ಕಂಡರೂ ಅದರ ಮುಂದೆ ಮಂಡಿಯೂರಿಬಿಡುತ್ತಿದ್ದರು.

ದಾವಣಗೆರೆ ಕಡೆಯವರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಲೆ ಲಗ್ಗೆರೆಯ ನಮ್ಮ ಮಹಡಿಗೆ ಬಾಡಿಗೆಗೆ ಬಂದರು. ನಗರದ ಹಳೆಯ ಕಟ್ಟಡ, ಶಾಸನಗಳನ್ನು ಉಳಿಸುವ ಸಮಿತಿಯಲ್ಲಿ ಸದಸ್ಯೆ. ಉಳಿದ ಸದಸ್ಯರು ಊರ ನಡುವಿನ ಬಂಗಲೆಗಳ ಮಾತಾಡಿದರೆ ಇವರು ಪೀಣ್ಯದ ಶೆಡ್ಡುಗಳ ಸಂದಿಯಲ್ಲಿ ಬಿದ್ದ ಕಲ್ಲುಗಳ ಮಾತೆತ್ತಿ ನಗೆಪಾಟಲಾಗಿ ಬರುತ್ತಿದ್ದರು.

ನಮ್ಮ ಬೀದಿಯ ಅರಳಿಮರದ ಬುಡದಲ್ಲೊಂದು ವೀರಗಲ್ಲಿತ್ತು. ಊರ ದನ ಕಾಪಾಡಲು ಹೋರಾಡಿ ಸತ್ತವನೊಬ್ಬನ ನೆನಪಿಗೆ ನಿಲ್ಲಿಸಿದ್ದು ಎಂದು ನಮಗೆ ಹೇಳಿದ್ದೇ ಅವರು. ಕತ್ತಿ ಹಿಡಿದ ಆಳು, ಕೆಳಗೆ ಅಕ್ಷರ. ಕೊನೆಯ ಸಾಲುಗಳು ಮಣ್ಣಿನಲ್ಲಿ ಹೂತಿದ್ದವು. ಸತ್ತವನ ಹೆಸರು ಅಲ್ಲಿಯೇ ಇರಬೇಕೆಂಬುದು ಅವರ ಅಂದಾಜು. ಅಗೆಯಲು ಸಮಿತಿಯ ಅನುಮತಿ ಬರಲೆಂದು ಕಾಯುತ್ತಿದ್ದರು. ಅದಿಲ್ಲದೆ ಒಂದು ಹಿಡಿ ಮಣ್ಣನ್ನೂ ಸರಿಸುವವರಲ್ಲ.

ಶುಕ್ರವಾರ ಹೆಂಗಸರು ಕಲ್ಲಿಗೆ ಎಣ್ಣೆ, ಅರಿಶಿನ ಬಳಿದರೆ ಮೇಡಮ್ಮಿಗೆ ತಡೆಯಲಾಗುತ್ತಿರಲಿಲ್ಲ.

"ನಿಮ್ಮ ಮದುವಿ ಆಲ್ಬಮ್ಮಿಗೆ ಎಣ್ಣಿ ಹಚ್ತೀರೇನ್ರೀ? ಅಕ್ಷರ ಎಲ್ಲಾ ಮುಚ್ಚಿ ಹೋಗ್ಯಾವು ನೋಡ್ರಿ!"

ಹೂ ಮಾರುವ ಅಜ್ಜಿ ಬಿಡುತ್ತಿರಲಿಲ್ಲ. "ನಿಮ್ಗೆ ಅಕ್ಸರ, ನಮ್ಗೆ ದ್ಯಾವ್ರು. ಸುಮ್ಕೆ ಓಗಮ್ಮೋ!"

ಮೇಡಂ ಗೊಣಗುತ್ತ ಬ್ರಷ್ಷು ತೆಗೆಯುತ್ತಿದ್ದರು.

ಒಂದು ಬೆಳಿಗ್ಗೆ ಚರಂಡಿ ತೋಡಲು ಜೆಸಿಬಿ ಬಂತು. ಸುಣ್ಣದಲ್ಲಿ ಎಳೆದ ಗೆರೆ ನೇರವಾಗಿ ಕಲ್ಲಿನ ಮೇಲೇ ಹಾದುಹೋಗಿತ್ತು. ಮೇಡಂ ಓಡಿಹೋಗಿ ಅಡ್ಡ ನಿಂತರು. ಇದು ಪರಂಪರೆಯ ಕಲ್ಲು, ಸಮಿತಿಯ ಮುಂದಿದೆ ಎಂದರು.

"ಆರ್ಡರ್ ಇದ್ಯಾ ಮೇಡಂ? ಬೋರ್ಡ್ ಹಾಕಿದ್ದಾರಾ?" ಎಂದ ಡ್ರೈವರ್. "ನಂಗ್ಯಾಕೆ ಬೈಸ್ತೀರಾ, ಸೈಡಿಗೆ ಬನ್ನಿ."

ಸಮಿತಿಯವರಿಗೆ ಫೋನು ಮಾಡಿದರು. ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂದರಂತೆ. ಫೋನಿಟ್ಟು ನನ್ನತ್ತ ತಿರುಗಿದರು.

"ಮನಿಯಾಗ ಅರಿಶಿನ ಎಷ್ಟೈತಿ?"

ನಾನು ಡಬ್ಬಿಯನ್ನೇ ತಂದೆ. ತಮ್ಮ ಕೈಯಿಂದಲೇ ಕಲ್ಲಿಗೆಲ್ಲ ಅರಿಶಿನ ಬಳಿದರು, ಕುಂಕುಮವಿಟ್ಟರು. ಹೂವಿನ ಅಜ್ಜಿ ಕುಕ್ಕೆಯಲ್ಲಿದ್ದ ಸೇವಂತಿಗೆಯನ್ನೆಲ್ಲ ಸುರಿದು, "ಈಗ ಬಂತಾ ಬುದ್ದಿ?" ಎಂದಳು.

ಡ್ರೈವರ್ ಇಂಜಿನ್ ನಿಲ್ಲಿಸಿ ಕೆಳಗಿಳಿದು ಚಪ್ಪಲಿ ಬಿಟ್ಟ. "ದೇವ್ರು ಅಂತ ಮೊದ್ಲೇ ಹೇಳ್ಬಾರ್ದಾ ಮೇಡಂ? ಪಾಪ ಯಾರು ಕಟ್ಕೊಳ್ಳೋದು!"

ಚರಂಡಿ ಅಲ್ಲಿ ಇವತ್ತಿಗೂ ಸೊಟ್ಟಗಿದೆ.

ಕಲ್ಲು ಉಳಿಯಿತು, ಆದರೆ ಕೈ ತಪ್ಪಿತು. ವರ್ಷ ತುಂಬುವುದರೊಳಗೆ ಅದು ಮುನೇಶ್ವರನಾಯಿತು. ಮೇಲೆ ಶೀಟು, ಸುತ್ತ ಗೋಡೆ, ಕಬ್ಬಿಣದ ಬಾಗಿಲು. ಹೂತ ಸಾಲುಗಳ ಮೇಲೆ ಸಿಮೆಂಟು ಹಾಕಿ ಬಿಳಿ ಟೈಲ್ಸು ಕೂರಿಸಿದರು. ಸಮಿತಿಯ ಅನುಮತಿಪತ್ರ ಬಂದದ್ದು ಅದಾದ ಮೇಲೆ. ಪೂಜಾರಿ ಮಾತ್ರ ಮೊದಲ ಮಂಗಳಾರತಿಯನ್ನು ಮೇಡಮ್ಮಿಗೇ ಕೊಡುತ್ತಿದ್ದ, ಗುಡಿ ಎಬ್ಬಿಸಿದವರು ಎಂದು. ಅವರು ಸುಮ್ಮನೆ ತೆಗೆದುಕೊಳ್ಳುತ್ತಿದ್ದರು.

"ಬೇಜಾರಾಗಲ್ವಾ ಮೇಡಂ?" ಎಂದು ಒಮ್ಮೆ ಕೇಳಿದೆ.

"ಟೈಲ್ಸು ಕಿತ್ತರ ಬರ್ತಾವ. ಕಲ್ಲು ಒಡದಿದ್ರ ಏನ್ ಕೀಳ್ತಿದ್ರಿ?" ಎಂದು ಕಾಫಿ ಲೋಟ ಕೆಳಗಿಟ್ಟರು.

ಟೈಲ್ಸು ಕೀಳಿಸುವ ದಿನ ಬರುವ ಮೊದಲೇ ಅವರು ತೀರಿಕೊಂಡರು. ಲಿಂಗಾಯತರ ಪದ್ಧತಿಯಂತೆ ನೆಂಟರು ಅವರನ್ನು ಹೂವಿನ ವಿಮಾನದಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಟೆಂಪೋದಲ್ಲಿ ಹೊರಡಿಸಿದರು. ಬೀದಿಯಲ್ಲಿ ಹೆಣವಿದ್ದಾಗ ಗುಡಿ ತೆರೆದಿರುವಂತಿಲ್ಲ. ಪೂಜಾರಿ ಬೀಗ ಹಾಕಿ, ಹೊರಗೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಸತ್ತವನೊಬ್ಬನನ್ನು ಊರು ಮರೆಯಬಾರದೆಂದು ನೆಟ್ಟ ಕಲ್ಲು, ಸಾವಿನ ಮೈಲಿಗೆಯೆಂದು ಬಾಗಿಲು ಹಾಕಿಕೊಂಡು ಒಳಗಿತ್ತು. ಮೇಡಂ ಅದರ ಮುಂದೆ ಕೂತುಕೊಂಡೇ ಹಾದುಹೋದರು. ಟೆಂಪೋ ತಿರುವು ದಾಟಿದ ಮೇಲೆ ಪೂಜಾರಿ ಎರಡು ಬಿಂದಿಗೆ ನೀರು ಹಾಕಿ ಅಂಗಳ ತೊಳೆದು, ಬಾಗಿಲು ತೆಗೆದ.